ಒಂದು ಮೂಲಪಾಠ, ಹಲವು ಯಂತ್ರಪಾಠಗಳು

ಒಂದರ ಮುಂದೆ ಹದಿನಾರು ಸೊನ್ನೆಗಳನ್ನಿಟ್ಟ ಸಂಖ್ಯೆಗೆ ಒಂದನ್ನು ಕೂಡಿಸಿ, ಬಂದ ಮೊತ್ತದಿಂದ ಆ ದೊಡ್ಡ ಸಂಖ್ಯೆಯನ್ನೇ ಕಳೆದರೆ ಉಳಿಯುವುದು ಎಷ್ಟು? ಒಂದು ಎಂದು ಚಿಕ್ಕ ಮಕ್ಕಳೂ ಹೇಳುವರು. ಆದರೆ ಈ ಲೆಕ್ಕವನ್ನು ಸಿ ಭಾಷೆಯಲ್ಲಿ ಬರೆದು, ಸಂಖ್ಯೆಗಳನ್ನು ಹೊರಗಿನಿಂದ ಓದಿಸಿ, ಕಂಪ್ಯೂಟರಿನಿಂದ ಮಾಡಿಸಿದರೆ ಸಾಮಾನ್ಯವಾಗಿ ಸೊನ್ನೆ ಎಂಬ ಉತ್ತರ ಬರುತ್ತದೆ. ಭಿನ್ನಾಂಶವುಳ್ಳ ಸಂಖ್ಯೆಗಳಿಗಾಗಿ ಯಂತ್ರವು ಬಳಸುವ ೬೪ ಬಿಟ್ಟುಗಳ ರೂಪದಲ್ಲಿ ಸುಮಾರು ೧೬ ಅಂಕೆಗಳವರೆಗೆ ಮಾತ್ರ ನಿಖರತೆಯುಂಟು. ಹದಿನೇಳನೆಯ ಸ್ಥಾನದಲ್ಲಿದ್ದ ಆ ಒಂದು, ಕೂಡಿಕೆಯಲ್ಲಿಯೇ ಕಳೆದುಹೋಗುತ್ತದೆ.

ಇದು ಯಂತ್ರದ ಮಿತಿ, ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮುಂದಿನ ಸಂಗತಿಯಲ್ಲಿ. ಅದೇ ಬರಹದ ಒಂದಕ್ಷರವನ್ನೂ ತಿದ್ದದೆ, ಅದನ್ನು ಯಂತ್ರಭಾಷೆಗೆ ಪರಿವರ್ತಿಸುವಾಗ ಒಂದು ಸೂಚನೆಯನ್ನು ಹೆಚ್ಚಾಗಿ ಕೊಟ್ಟರೆ, ಉತ್ತರವು ಒಂದು ಎಂದು ಬರಬಹುದು! ಹಾಗಾದರೆ ಪ್ರೋಗ್ರಾಮು ಎಂದರೆ ನಾವು ಬರೆದ ಮೂಲಪಾಠವೊಂದೇ ಅಲ್ಲ. ಅದನ್ನು ಯಾವ ಕಟ್ಟಳೆಗಳಿಂದ ಕಟ್ಟಿದೆವೆಂಬುದೂ ಅದರ ಒಂದು ಭಾಗವೇ ಎಂದಾಯಿತು. ಈ ಕಟ್ಟಳೆಗಳಿಗೆ ಇಂಗ್ಲಿಷಿನಲ್ಲಿ ಫ್ಲ್ಯಾಗುಗಳೆಂದು ಹೆಸರು. ರೈಲಿನ ಗಾರ್ಡು ಬೀಸುವ ಬಾವುಟಕ್ಕೂ ಇದೇ ಹೆಸರಷ್ಟೆ. ತಂತ್ರಾಂಶವನ್ನು ಸಿದ್ಧರೂಪದಲ್ಲಿ ತರಿಸಿಕೊಳ್ಳದೆ ಮೂಲಪಾಠದಿಂದ ತಾನೇ ಕಟ್ಟಿಕೊಳ್ಳಬೇಕೆಂಬ ವಿದ್ಯಾರ್ಥಿಯು ಮೊದಲ ದಿನವೇ ಇವುಗಳನ್ನು ಎದುರಿಸಬೇಕಾಗುತ್ತದೆ. ಅನೇಕರು ಎಲ್ಲಿಯೋ ಕಂಡ ಸಾಲನ್ನು ಹಾಗೆಯೇ ನಕಲು ಮಾಡಿ, ಕೆಲಸವಾದರೆ ಆಯಿತೆಂದು ಸುಮ್ಮನಾಗುವರು. ಅದರಿಂದ ಬರುವ ತೊಂದರೆ ಎಂತಹುದೆಂಬುದನ್ನು ಈ ಲೇಖನದಲ್ಲಿ ನೋಡೋಣ. ಫ್ಲ್ಯಾಗುಗಳನ್ನು ಯಂತ್ರಕ್ಕೆ ಕೊಡುವಾಗ ರೋಮನ್ ಅಕ್ಷರಗಳಲ್ಲಿಯೇ ಕೊಡಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕನ್ನಡದಲ್ಲಿ ಕೊಟ್ಟಿದ್ದೇವೆ. ಫ್ಲ್ಯಾಗಿನ ಮೊದಲಿಗೆ ಬರುವ ಕಿರುಗೆರೆಯನ್ನು ಓದುಗರು ಸೇರಿಸಿಕೊಳ್ಳಬೇಕು.

ಮೊದಲು ಕೆಲಸ ನಡೆಯುವ ಕ್ರಮವನ್ನು ತಿಳಿಯಬೇಕು. ದೊಡ್ಡ ಗ್ರಂಥವೊಂದನ್ನು ಕನ್ನಡಕ್ಕೆ ತರಲು ಅಧ್ಯಾಯಕ್ಕೊಬ್ಬರಂತೆ ಅನುವಾದಕರನ್ನು ನೇಮಿಸಿದ್ದಾರೆಂದು ಭಾವಿಸಿ. ಮೂರನೆಯ ಅಧ್ಯಾಯದ ಅನುವಾದಕನಿಗೆ ‘ಏಳನೆಯ ಅಧ್ಯಾಯದಲ್ಲಿ ಕೊಟ್ಟಿರುವ ಪಟ್ಟಿಯನ್ನು ನೋಡಿ’ ಎಂಬ ಮಾತು ಎದುರಾಗುತ್ತದೆ. ಆ ಪಟ್ಟಿ ಅಚ್ಚಿನಲ್ಲಿ ಯಾವ ಪುಟಕ್ಕೆ ಬರುವುದೋ ಅವನಿಗೆ ತಿಳಿಯದು. ಆದುದರಿಂದ ‘ಪುಟ … ನೋಡಿ’ ಎಂದು ಜಾಗ ಬಿಟ್ಟು ಮುಂದುವರಿಯುತ್ತಾನೆ. ಎಲ್ಲ ಅಧ್ಯಾಯಗಳೂ ಬಂದ ಮೇಲೆ ಮುದ್ರಣಾಲಯದಲ್ಲಿ ಮತ್ತೊಬ್ಬನು ಅವುಗಳನ್ನು ಕ್ರಮವಾಗಿ ಜೋಡಿಸಿ, ಪುಟಸಂಖ್ಯೆಗಳನ್ನು ಹಾಕಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾನೆ. ಅನುವಾದಕನ ಸ್ಥಾನದಲ್ಲಿರುವುದು ಕಂಪೈಲರು. ಜೋಡಿಸುವವನ ಸ್ಥಾನದಲ್ಲಿರುವುದು ಲಿಂಕರು. ಅನುವಾದವಾದ ಬಿಡಿ ಅಧ್ಯಾಯಕ್ಕೆ ಆಬ್ಜೆಕ್ಟ್ ಫೈಲು ಎಂದು ಹೆಸರು. ಹಿಂದೆಯೇ ಅನುವಾದವಾಗಿ ಕಪಾಟಿನಲ್ಲಿ ಸಿದ್ಧವಾಗಿರುವ ಅಧ್ಯಾಯಗಳ ಸಂಗ್ರಹವೇ ಲೈಬ್ರರಿ.

ಈ ಎರಡು ಹೆಸರುಗಳ ಚರಿತ್ರೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಗ್ರೇಸ್ ಹಾಪರ್ ಎಂಬ ವಿದುಷಿಯು ೧೯೫೨ರಲ್ಲಿ ಯೂನಿವಾಕ್ ಯಂತ್ರಕ್ಕಾಗಿ ‘ಎ-೦’ ಎಂಬುದನ್ನು ರಚಿಸಿ ಅದನ್ನು ಕಂಪೈಲರೆಂದು ಕರೆದರು. ಟೇಪಿನ ಮೇಲೆ ಮೊದಲೇ ಸಂಗ್ರಹಿಸಿಟ್ಟಿದ್ದ ಚಿಕ್ಕ ಚಿಕ್ಕ ಕ್ರಮಗಳನ್ನು ಆರಿಸಿ ತಂದು ಒಂದುಗೂಡಿಸುವುದೇ ಅದರ ಕೆಲಸವಾಗಿತ್ತು. ಕಂಪೈಲ್ ಎಂಬ ಇಂಗ್ಲಿಷ್ ಮಾತಿಗೆ ಸಂಕಲಿಸುವುದು ಎಂದಲ್ಲವೆ ಅರ್ಥ? ಇಂದಿನ ಲೆಕ್ಕದಲ್ಲಿ ಅದು ಲಿಂಕರಿನ ಕೆಲಸಕ್ಕೇ ಹತ್ತಿರ. ಬೀಜಗಣಿತದ ಸೂತ್ರಗಳಂತೆ ಬರೆದುದನ್ನು ಯಂತ್ರಭಾಷೆಗೆ ತಿರುಗಿಸುವ ಫೋರ್ಟ್ರಾನ್ ಕಂಪೈಲರನ್ನು ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಿಂದ ಹೊರತಂದುದು ೧೯೫೭ರಲ್ಲಿ. ಆ ವೇಳೆಗೆ ಹೆಸರು ಅನುವಾದಕನಿಗೆ ಅಂಟಿಹೋಗಿತ್ತು.

ಇಂದು ಲಿನಕ್ಸ್ ಯಂತ್ರಗಳಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ೧೯೮೭ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮೊದಲು ಬಿಡುಗಡೆ ಮಾಡಿದ ಜಿಸಿಸಿ. ಜಿಸಿಸಿ ಎಂದು ಟೈಪು ಮಾಡಿದಾಗ ನಮಗೆ ಓಗೊಡುವುದು ಕಂಪೈಲರಲ್ಲ, ಒಬ್ಬ ಮೇಸ್ತ್ರಿ. ಅವನು ತಾನಾಗಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಬೇರೆ ಫೈಲುಗಳ ಪಾಠವನ್ನು ಮೂಲದೊಳಕ್ಕೆ ಸೇರಿಸುವ ಪ್ರಿಪ್ರೊಸೆಸರನ್ನು, ಬಳಿಕ ಕಂಪೈಲರನ್ನು, ಅಸೆಂಬ್ಲರನ್ನು, ಕೊನೆಗೆ ಲಿಂಕರನ್ನು ಒಬ್ಬರಾದ ಮೇಲೊಬ್ಬರಂತೆ ಕರೆದು, ನಾವು ಕೊಟ್ಟ ಫ್ಲ್ಯಾಗುಗಳಲ್ಲಿ ಯಾರದನ್ನು ಯಾರಿಗೆ ಕೊಡಬೇಕೋ ಹಂಚಿಕೊಡುತ್ತಾನೆ. ದೊಡ್ಡ ‘ಐ’ ಅಕ್ಷರದ ಫ್ಲ್ಯಾಗು ಹೆಡರ್ ಫೈಲುಗಳೆಲ್ಲಿವೆಯೆಂದು ಪ್ರಿಪ್ರೊಸೆಸರಿಗೆ ತಿಳಿಸುತ್ತದೆ. ದೊಡ್ಡ ‘ಓ’ ಅಕ್ಷರವೂ ಅದರ ಮುಂದಿನ ಅಂಕೆಯೂ ಅನುವಾದವನ್ನು ಎಷ್ಟರ ಮಟ್ಟಿಗೆ ಚುರುಕುಗೊಳಿಸಬೇಕೆಂದು ಕಂಪೈಲರಿಗೆ ಹೇಳುತ್ತವೆ. ದೊಡ್ಡ ‘ಎಲ್’ ಲೈಬ್ರರಿಗಳಿರುವ ಕಪಾಟನ್ನೂ, ಚಿಕ್ಕ ‘ಎಲ್’ ಆ ಕಪಾಟಿನಿಂದ ತೆಗೆಯಬೇಕಾದ ಲೈಬ್ರರಿಯ ಹೆಸರನ್ನೂ ಲಿಂಕರಿಗೆ ತಿಳಿಸುತ್ತವೆ.

ಹೀಗೆ ಕೆಲಸಗಾರರು ಬೇರೆ ಬೇರೆ ಎಂಬುದನ್ನು ಮರೆತರೆ ದೋಷವನ್ನು ತಪ್ಪಾದ ಕಡೆ ಹುಡುಕುತ್ತ ಕುಳಿತುಕೊಳ್ಳಬೇಕಾಗುತ್ತದೆ. ‘ಇಂತಹ ಫೈಲು ಇಲ್ಲ’ ಎಂದು ಹೆಡರಿನ ಹೆಸರು ಹೇಳಿ ಕೆಲಸ ನಿಂತರೆ ದೂರು ಪ್ರಿಪ್ರೊಸೆಸರಿನದು; ದೊಡ್ಡ ಐ ಬೇಕು. ಫೈಲುಗಳೆಲ್ಲವೂ ಅನುವಾದವಾಗಿ ಮುಗಿದ ಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಾಲು ಬಂದರೆ ದೂರು ಲಿಂಕರಿನದು. ತುಂಬಬೇಕಾದ ಜಾಗವೊಂದು ತುಂಬದೆ ಉಳಿದಿದೆ ಎಂದರ್ಥ. ಈ ಎರಡನೆಯ ದೂರಿಗೆ ಹೆಡರನ್ನು ಹುಡುಕುತ್ತ ಇಡೀ ಸಂಜೆ ಕಳೆಯುವ ವಿದ್ಯಾರ್ಥಿಗಳುಂಟು. ಹೆಡರಿನಲ್ಲಿರುವುದು ‘ಇಂತಹ ಹೆಸರಿನ ಕ್ರಮವೊಂದು ಉಂಟು’ ಎಂಬ ಘೋಷಣೆ ಮಾತ್ರ. ಕ್ರಮ ಇರುವುದು ಲೈಬ್ರರಿಯಲ್ಲಿ.

ಲೈಬ್ರರಿಯ ಹೆಸರನ್ನು ಸರಿಯಾಗಿ ಕೊಟ್ಟೂ ಇದೇ ದೂರು ಬರುವುದುಂಟು. ಲಿಂಕರು ಸಾಲನ್ನು ಎಡದಿಂದ ಬಲಕ್ಕೆ ಓದುತ್ತ, ತುಂಬದಿರುವ ಜಾಗಗಳ ಪಟ್ಟಿಯೊಂದನ್ನು ಕೈಯಲ್ಲಿಟ್ಟುಕೊಂಡು ಸಾಗುತ್ತದೆ. ಆಬ್ಜೆಕ್ಟ್ ಫೈಲುಗಳ ಕಟ್ಟಾಗಿರುವ ಲೈಬ್ರರಿಯ ಬಳಿಗೆ ಬಂದಾಗ, ಆ ಕ್ಷಣದಲ್ಲಿ ಪಟ್ಟಿಯಲ್ಲಿರುವ ಹೆಸರುಗಳಿಗೆ ಬೇಕಾದುದನ್ನು ಮಾತ್ರ ತೆಗೆದುಕೊಂಡು ಮುಂದೆ ಹೋಗುತ್ತದೆ, ಹಿಂದಿರುಗಿ ನೋಡುವುದಿಲ್ಲ. ಕೊಸೈನ್ ಮುಂತಾದ ಕ್ರಮಗಳಿರುವ ಗಣಿತದ ಲೈಬ್ರರಿಗೆ ‘ಎಂ’ ಎಂದು ಹೆಸರು. ಅದನ್ನು ನಮ್ಮ ಫೈಲಿಗಿಂತ ಮೊದಲೇ ಬರೆದರೆ, ಲಿಂಕರು ಅಲ್ಲಿಗೆ ಬಂದಾಗ ಪಟ್ಟಿ ಖಾಲಿ. ಏನೂ ಬೇಡವೆಂದು ಮುಂದೆ ನಡೆಯುತ್ತದೆ. ಬಳಿಕ ನಮ್ಮ ಫೈಲಿನಲ್ಲಿ ಕೊಸೈನ್ ಬೇಕೆಂದು ಕಂಡುಬಂದಾಗ ಕೊಡುವವರಿಲ್ಲ. ಸಂತೆಗೆ ಹೋಗಿಬಂದ ಮೇಲೆ ಮನೆಯವರು ಸಾಮಾನಿನ ಪಟ್ಟಿಯನ್ನು ಕೊಟ್ಟಂತೆ! ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಲೈಬ್ರರಿಗಳ ವಿಷಯದಲ್ಲಿ ಹಿಂದೆ ಈ ಕಟ್ಟುನಿಟ್ಟು ಅಷ್ಟಾಗಿ ಇರಲಿಲ್ಲ. ಆದರೆ ಉಬುಂಟು ವಿತರಣೆಯು ೨೦೧೧ರ ೧೧.೧೦ ಆವೃತ್ತಿಯಿಂದ ‘ಬೇಕಾದ ಲೈಬ್ರರಿಯನ್ನು ಮಾತ್ರ ಹಿಡಿ’ ಎಂಬ ಲಿಂಕರ್ ಫ್ಲ್ಯಾಗನ್ನು ತಾನಾಗಿಯೇ ಹಾಕತೊಡಗಿದ ಮೇಲೆ, ಅದುವರೆಗೆ ಸುಖವಾಗಿ ಕಟ್ಟಿಕೊಳ್ಳುತ್ತಿದ್ದ ಎಷ್ಟೋ ತಂತ್ರಾಂಶಗಳು ನಿಂತುಹೋದುವು. ಮೂಲಪಾಠ ಬದಲಾಗಿರಲಿಲ್ಲ, ಸಾಲಿನಲ್ಲಿದ್ದ ಹಿಂದುಮುಂದು ಮೊದಲೂ ಇದ್ದದ್ದೇ.

ತಂತ್ರಾಂಶವನ್ನು ಕಟ್ಟುವ ‘ಕಾನ್ಫಿಗರ್’ ಎಂಬ ಬರಹವು ಈ ಕಾರಣದಿಂದಲೇ ನಾಲ್ಕು ಹೆಸರುಗಳನ್ನು ಬೇರೆ ಬೇರೆ ಇಟ್ಟಿದೆ: ಪ್ರಿಪ್ರೊಸೆಸರಿಗೆ ಸಿಪಿಪಿಫ್ಲ್ಯಾಗ್ಸ್, ಸಿ ಕಂಪೈಲರಿಗೆ ಸಿಫ್ಲ್ಯಾಗ್ಸ್, ಲಿಂಕರಿಗೆ ಎಲ್‌ಡಿಫ್ಲ್ಯಾಗ್ಸ್, ಲೈಬ್ರರಿಗಳ ಹೆಸರಿಗೆ ಲಿಬ್ಸ್. ಲಿಂಕ್ ಮಾಡುವ ಸಾಲಿನಲ್ಲಿ ಮೂರನೆಯದು ನಮ್ಮ ಫೈಲುಗಳಿಗಿಂತ ಮೊದಲೂ ನಾಲ್ಕನೆಯದು ಅವುಗಳ ನಂತರವೂ ಬರುವುವು. ಲೈಬ್ರರಿಯ ಹೆಸರನ್ನು ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ತುರುಕಿದವನು ಮೇಲೆ ಹೇಳಿದ ಸಂತೆಯ ಕಥೆಗೆ ಸಿಕ್ಕಿಬೀಳುತ್ತಾನೆ.

ಲಿಂಕರು ತೃಪ್ತವಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆನ್ನುವಂತಿಲ್ಲ. ಹಂಚಿಕೊಳ್ಳುವ ಲೈಬ್ರರಿಯನ್ನು ಪ್ರೋಗ್ರಾಮಿನೊಳಕ್ಕೆ ಸೇರಿಸುವುದಿಲ್ಲ. ಅದರ ಹೆಸರನ್ನು ಮಾತ್ರ ಬರೆದಿಡಲಾಗುತ್ತದೆ. ಪ್ರೋಗ್ರಾಮು ಓಡುವ ಹೊತ್ತಿಗೆ ಲೋಡರು ಎಂಬ ಇನ್ನೊಬ್ಬ ಕೆಲಸಗಾರನು ಆ ಹೆಸರಿನ ಫೈಲನ್ನು ಹುಡುಕಿ ತರಬೇಕು. ದೊಡ್ಡ ಎಲ್ ಫ್ಲ್ಯಾಗಿನಿಂದ ನಾವು ತೋರಿಸಿದ ಕಪಾಟು ಲಿಂಕರಿಗೆ ತಿಳಿದಿತ್ತೇ ಹೊರತು ಲೋಡರಿಗೆ ತಿಳಿಯದು. ತನ್ನ ಮನೆಯ ಡೈರೆಕ್ಟರಿಯಲ್ಲಿ ಲೈಬ್ರರಿಯೊಂದನ್ನು ಕಟ್ಟಿಕೊಂಡ ವಿದ್ಯಾರ್ಥಿಗೆ, ಯಾವ ದೋಷವೂ ಇಲ್ಲದೆ ಕಟ್ಟಡ ಮುಗಿದು, ಓಡಿಸಿದ ಕೂಡಲೆ ‘ಹಂಚಿಕೆಯ ಫೈಲನ್ನು ತೆರೆಯಲಾಗದು’ ಎಂಬ ಉತ್ತರ ಬರುವುದು ಇದರಿಂದಲೇ. ಹುಡುಕಬೇಕಾದ ದಾರಿಯನ್ನು ಪ್ರೋಗ್ರಾಮಿನೊಳಗೇ ಕೆತ್ತಿಡುವ ‘ಆರ್‌ಪಾತ್’ ಎಂಬ ಲಿಂಕರ್ ಫ್ಲ್ಯಾಗು ಇದಕ್ಕೆ ಉಪಾಯ. ಅದನ್ನು ಮೇಸ್ತ್ರಿಯ ಮೂಲಕ ಕಳುಹಿಸಬೇಕಾದುದರಿಂದ, ‘ಇದು ಲಿಂಕರಿಗೆ’ ಎಂಬ ವಿಳಾಸವಾಗಿ ದೊಡ್ಡ ‘ಡಬ್ಲ್ಯು’, ಚಿಕ್ಕ ‘ಎಲ್’ ಮತ್ತು ಅಲ್ಪವಿರಾಮವನ್ನು ಅದರ ಹಿಂದೆ ಬರೆಯುವುದು ವಾಡಿಕೆ.

ಇದುವರೆಗೆ ಹೇಳಿದ ದೋಷಗಳೆಲ್ಲವೂ ಸಾಧುಸ್ವಭಾವದವು. ತಪ್ಪಾದರೆ ಕೆಲಸ ನಿಲ್ಲುತ್ತದೆ. ತಪ್ಪೆಂದು ನಮಗೆ ಗೊತ್ತಾಗುತ್ತದೆ. ಕೆಲಸವೂ ನಿಲ್ಲದೆ ದೂರೂ ಬಾರದೆ ಪ್ರೋಗ್ರಾಮಿನ ಅರ್ಥವೇ ಬದಲಾಗುವ ಸಂದರ್ಭಗಳು ಬೇರೆ ಇವೆ. ಅವು ಕಂಪೈಲರಿನ ಚುರುಕಿಗೆ ಸಂಬಂಧಪಟ್ಟವು.

ಓ೨ ಎಂಬ ಫ್ಲ್ಯಾಗನ್ನು ಕೊಟ್ಟಾಗ ಕಂಪೈಲರು ಪದಕ್ಕೆ ಪದವನ್ನಿಡುವ ಅನುವಾದಕನಾಗಿ ಉಳಿಯುವುದಿಲ್ಲ. ಅದು ತರ್ಕ ಮಾಡುತ್ತದೆ. ಎರಡು ಸಾರಿ ಮಾಡಿದ ಲೆಕ್ಕವನ್ನು ಒಂದು ಸಾರಿ ಮಾಡುತ್ತದೆ. ಎಂದಿಗೂ ನಡೆಯಲಾರದೆಂದು ಕಂಡ ಭಾಗವನ್ನು ಬಿಟ್ಟುಬಿಡುತ್ತದೆ. ಈ ತರ್ಕಕ್ಕೆ ಆಧಾರ ಸಿ ಭಾಷೆಯ ನಿಯಮಗಳು. ‘ಪ್ರೋಗ್ರಾಮು ಬರೆದವನು ಇಂಥ ತಪ್ಪನ್ನು ಎಂದಿಗೂ ಮಾಡಿರುವುದಿಲ್ಲ’ ಎಂಬ ನಂಬಿಕೆಯ ಮೇಲೆ ಆ ನಿಯಮಗಳಲ್ಲಿ ಹಲವು ನಿಂತಿವೆ. ಆ ನಂಬಿಕೆ ಎಲ್ಲಿಗೆ ಒಯ್ದಿತೆಂಬುದಕ್ಕೆ ೨೦೦೯ರಲ್ಲಿ ಲಿನಕ್ಸ್ ಕರ್ನೆಲಿನಲ್ಲಿ ನಡೆದ ಸಂಗತಿ ಒಂದು ಒಳ್ಳೆಯ ಉದಾಹರಣೆ.

ಸಿ ಭಾಷೆಯಲ್ಲಿ ಪಾಯಿಂಟರ್ ಎಂದರೆ ಸ್ಮೃತಿಯ ಒಂದು ಸ್ಥಳದ ವಿಳಾಸ. ಸೊನ್ನೆ ಎಂಬ ವಿಳಾಸಕ್ಕೆ ‘ಇಲ್ಲಿ ಏನೂ ಇಲ್ಲ’ ಎಂದು ಸಂಕೇತ. ಆದುದರಿಂದ ವಿಳಾಸವನ್ನು ಬಳಸುವ ಮೊದಲು ಅದು ಸೊನ್ನೆಯಲ್ಲವೆಂದು ಪರೀಕ್ಷಿಸುವುದು ಕ್ರಮ. ಕರ್ನೆಲಿನ ಟನ್ ಎಂಬ ಜಾಲಚಾಲಕದಲ್ಲಿ ಬರೆದವರ ಕೈತಪ್ಪಿನಿಂದ ಈ ಕ್ರಮ ಹಿಂದುಮುಂದಾಗಿತ್ತು: ಮೊದಲ ಸಾಲಿನಲ್ಲಿ ವಿಳಾಸದಿಂದ ಒಂದು ಬೆಲೆಯನ್ನು ತೆಗೆದುಕೊಂಡು, ಕೆಳಗಿನ ಸಾಲಿನಲ್ಲಿ ಆ ವಿಳಾಸ ಸೊನ್ನೆಯೇ ಎಂದು ಪರೀಕ್ಷಿಸಿದ್ದರು. ಜಿಸಿಸಿಯ ತರ್ಕವನ್ನು ನೋಡಿ: ‘ಸೊನ್ನೆ ವಿಳಾಸವನ್ನು ಬಳಸಕೂಡದೆಂಬುದು ಭಾಷೆಯ ನಿಯಮ. ಇಲ್ಲಿ ವಿಳಾಸವನ್ನು ಆಗಲೇ ಬಳಸಿದ್ದಾಗಿದೆ. ಆದುದರಿಂದ ಅದು ಸೊನ್ನೆಯಾಗಿರಲಾರದು. ಆದುದರಿಂದ ಪರೀಕ್ಷೆ ನಿರರ್ಥಕ.’ ಹೀಗೆಂದು ಪರೀಕ್ಷೆಯ ಸಾಲನ್ನೇ ತೆಗೆದುಹಾಕಿತು. ತರ್ಕದಲ್ಲಿ ಲೋಪವಿಲ್ಲ. ಆದರೆ ಮೂಲಪಾಠದಲ್ಲಿ ಕಣ್ಣಿಗೆ ಕಾಣುತ್ತಿದ್ದ ಕಾವಲುಗಾರನು ಯಂತ್ರಪಾಠದಲ್ಲಿ ಇರಲಿಲ್ಲ.

ಸಾಮಾನ್ಯ ಪ್ರೋಗ್ರಾಮಿನಲ್ಲಿ ಸೊನ್ನೆ ವಿಳಾಸವನ್ನು ಮುಟ್ಟಿದೊಡನೆ ಪ್ರೋಗ್ರಾಮು ಬಿದ್ದುಹೋಗುತ್ತದೆ. ಅಷ್ಟರ ಮಟ್ಟಿಗೆ ಅದು ಕ್ಷೇಮವೇ. ಕರ್ನೆಲಿನಲ್ಲಿ ಹಾಗಲ್ಲ. ಆ ಯಂತ್ರವನ್ನು ಬಳಸುತ್ತಿರುವ ಸಾಮಾನ್ಯನೊಬ್ಬನು ಸ್ಮೃತಿಯ ಸೊನ್ನೆಯ ಸ್ಥಳದಲ್ಲಿ ತನಗೆ ಬೇಕಾದುದನ್ನು ಮೊದಲೇ ಇಟ್ಟುಬಿಡಲು ಸಾಧ್ಯವಾದರೆ, ಕರ್ನೆಲು ಅದನ್ನೇ ನಿಜವೆಂದು ನಂಬಿ ಮುಂದುವರಿಯುತ್ತದೆ. ಈ ದಾರಿಯಿಂದ ಇಡೀ ಯಂತ್ರದ ಮೇಲೆ ಒಡೆತನ ಪಡೆಯಬಹುದೆಂಬುದನ್ನು ೨೦೦೯ರ ಜುಲೈಯಲ್ಲಿ ಭದ್ರತಾತಜ್ಞರೊಬ್ಬರು ಮಾಡಿ ತೋರಿಸಿದರು. ಕರ್ನೆಲಿನವರು ಪರೀಕ್ಷೆಯನ್ನು ಮೇಲಕ್ಕೆ ತಂದು ಮೂಲಪಾಠವನ್ನು ಸರಿಪಡಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಲಕ್ಷಾಂತರ ಸಾಲುಗಳಲ್ಲಿ ಇಂತಹ ಕೈತಪ್ಪು ಇನ್ನೆಲ್ಲಿರುವುದೋ ಬಲ್ಲವರಾರು? ಸೊನ್ನೆಯ ಪರೀಕ್ಷೆಗಳನ್ನು ಅಳಿಸಕೂಡದೆಂದು ಕಂಪೈಲರಿಗೆ ವಿಧಿಸುವ ಫ್ಲ್ಯಾಗೊಂದನ್ನು ಇಡೀ ಕರ್ನೆಲಿನ ಕಟ್ಟಡಕ್ಕೆ ಸೇರಿಸಿದರು. ಇಂದಿಗೂ ಕರ್ನೆಲನ್ನು ಕಟ್ಟುವಾಗ ಪ್ರತಿಯೊಂದು ಫೈಲಿಗೂ ಆ ಫ್ಲ್ಯಾಗು ಹೋಗುತ್ತದೆ. ಅದನ್ನು ಕಂಡು ‘ಇದೇನೋ ಹಳೆಯ ಕಸ’ ಎಂದು ತೆಗೆದುಹಾಕುವವನಿಗೆ ಯಾವ ದೋಷವೂ ಕಾಣಿಸದು. ಕರ್ನೆಲು ಕಟ್ಟಿಕೊಳ್ಳುತ್ತದೆ, ಓಡುತ್ತದೆ.

ಇನ್ನು ಲೇಖನದ ಮೊದಲಲ್ಲಿ ಕಂಡ ಲೆಕ್ಕಕ್ಕೆ ಬರೋಣ. ಉತ್ತರವನ್ನು ಸೊನ್ನೆಯಿಂದ ಒಂದಕ್ಕೆ ಬದಲಿಸಿದ್ದು ‘ಫಾಸ್ಟ್ ಮ್ಯಾತ್’ ಎಂಬ ಫ್ಲ್ಯಾಗು. ಕೂಡುವ, ಕಳೆಯುವ ಅನುಕ್ರಮವನ್ನು ಬೀಜಗಣಿತದ ನಿಯಮದಂತೆ ಮನಬಂದ ಹಾಗೆ ಬದಲಿಸಿಕೊಳ್ಳಲು ಅದು ಕಂಪೈಲರಿಗೆ ಅನುಮತಿ ಕೊಡುತ್ತದೆ. ದೊಡ್ಡ ಸಂಖ್ಯೆಯನ್ನು ಕೂಡಿ ಅದನ್ನೇ ಕಳೆಯುವುದೇಕೆಂದು ಕಂಪೈಲರು ಎರಡನ್ನೂ ಹೊಡೆದುಹಾಕಿ, ಒಂದನ್ನು ಉಳಿಸಿತು. ಇಲ್ಲಿ ಉತ್ತರ ಸರಿಯಾಯಿತಲ್ಲ, ಒಳ್ಳೆಯದೇ ಆಯಿತೆಂದು ಓದುಗರು ಹೇಳಬಹುದು. ಆದರೆ ಇದೇ ಅನುಮತಿ ಬೇರೆಡೆಯಲ್ಲಿ ಕೆಡುಕು ಮಾಡುತ್ತದೆ. ಸಾವಿರಾರು ಸಂಖ್ಯೆಗಳನ್ನು ಕೂಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಕಳೆದುಹೋಗುವ ಚೂರನ್ನು ಬೇರೆಯಾಗಿ ಹಿಡಿದಿಟ್ಟು ಮತ್ತೆ ಸೇರಿಸುವ ಉಪಾಯವೊಂದನ್ನು ವಿಲಿಯಂ ಕಹಾನ್ ಎಂಬ ಗಣಿತಜ್ಞರು ೧೯೬೫ರಲ್ಲಿ ಪ್ರಕಟಿಸಿದ್ದರು. ಆ ಚೂರನ್ನು ಬೀಜಗಣಿತದಿಂದ ಲೆಕ್ಕ ಹಾಕಿದರೆ ಯಾವಾಗಲೂ ಸೊನ್ನೆ. ನಿಜವಾದ ಯಂತ್ರದಲ್ಲಿ ಮಾತ್ರ ಸೊನ್ನೆಯಲ್ಲ. ಈ ಫ್ಲ್ಯಾಗನ್ನು ಕೊಟ್ಟರೆ ಕಂಪೈಲರು ಅದನ್ನು ಸೊನ್ನೆಯೆಂದೇ ಬಗೆದು ಕಹಾನರ ಉಪಾಯವನ್ನೆಲ್ಲ ಅಳಿಸಿಬಿಡಬಹುದು. ಎಚ್ಚರಿಕೆಯಿಂದ ಬರೆದವನಿಗೂ ಎಚ್ಚರಿಕೆಯಿಲ್ಲದೆ ಬರೆದವನಿಗೂ ಆಗ ಒಂದೇ ಉತ್ತರ!

ಇದೇ ಫ್ಲ್ಯಾಗಿಗೆ ಇನ್ನೊಂದು ಮುಖವಿತ್ತು. ಇದನ್ನು ಕಂಪೈಲರಿಗಷ್ಟೇ ಅಲ್ಲದೆ ಲಿಂಕ್ ಮಾಡುವಾಗಲೂ ಕೊಟ್ಟರೆ, ಇಂಟೆಲ್ ಜಾತಿಯ ಯಂತ್ರಗಳಲ್ಲಿ ಜಿಸಿಸಿಯು ಒಂದು ಚಿಕ್ಕ ಆರಂಭಕ್ರಮವನ್ನು ತಾನಾಗಿ ಸೇರಿಸುತ್ತಿತ್ತು. ಅತ್ಯಂತ ಕಿರಿದಾದ ಸಂಖ್ಯೆಗಳನ್ನು ಸೊನ್ನೆಯೆಂದೇ ಎಣಿಸುವಂತೆ ಅದು ಪ್ರೊಸೆಸರನ್ನು ಬದಲಿಸುತ್ತಿತ್ತು. ಹಂಚಿಕೊಳ್ಳುವ ಲೈಬ್ರರಿಯಲ್ಲಿ ಇದು ಸೇರಿಕೊಂಡರೆ, ಆ ಲೈಬ್ರರಿಯನ್ನು ತಂದುಕೊಂಡ ಪ್ರೋಗ್ರಾಮಿನ ಲೆಕ್ಕಗಳೂ ಅದರಂತೆಯೇ ನಡೆಯತೊಡಗುತ್ತಿದ್ದುವು. ನೆರೆಮನೆಯವನು ತನ್ನ ಗಡಿಯಾರವನ್ನು ತಿದ್ದಿದರೆ ಬೀದಿಯ ಗಡಿಯಾರಗಳೆಲ್ಲ ತಿರುಗಿದಂತೆ! ಪೈಥಾನಿನ ಕೆಲವು ಪೊಟ್ಟಣಗಳಲ್ಲಿ ಹೀಗಾಗಿರುವುದು ೨೦೨೨ರಲ್ಲಿ ಬಹಿರಂಗವಾಯಿತು. ಆ ಪೊಟ್ಟಣಗಳಿಗೂ ಗಣಿತಕ್ಕೂ ಸಂಬಂಧವಿರಲೇಬೇಕೆಂದಿರಲಿಲ್ಲ. ವೇಗ ಹೆಚ್ಚಲೆಂದು ಯಾರೋ ಈ ಅನುಮತಿಯನ್ನು ಒಳಗೊಂಡ ಫ್ಲ್ಯಾಗನ್ನು ಹಾಕಿದ್ದರು. ೨೦೨೩ರಲ್ಲಿ ಬಂದ ಜಿಸಿಸಿಯ ೧೩ನೆಯ ಆವೃತ್ತಿಯಿಂದ ಮುಂದಕ್ಕೆ, ಹಂಚಿಕೊಳ್ಳುವ ಲೈಬ್ರರಿಗಳನ್ನು ಕಟ್ಟುವಾಗ ಆ ಆರಂಭಕ್ರಮವನ್ನು ಸೇರಿಸುವುದನ್ನು ನಿಲ್ಲಿಸಲಾಗಿದೆ.

ಯಂತ್ರಕ್ಕೆ ತಕ್ಕಂತೆ ಅನುವಾದಿಸು ಎಂಬ ‘ಮಾರ್ಚ್ ನೇಟಿವ್’ ಫ್ಲ್ಯಾಗಿನ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಪ್ರಯೋಗಶಾಲೆಯ ಹೊಸ ಯಂತ್ರದಲ್ಲಿ ಅದರಿಂದ ಕಟ್ಟಿದ ಪ್ರೋಗ್ರಾಮನ್ನು ಪಕ್ಕದ ಹಳೆಯ ಯಂತ್ರಕ್ಕೆ ಒಯ್ದರೆ, ಆ ಯಂತ್ರಕ್ಕೆ ತಿಳಿಯದ ಆಜ್ಞೆಯೊಂದು ಎದುರಾಗಿ ಪ್ರೋಗ್ರಾಮು ಅಲ್ಲಿಯೇ ಬೀಳಬಹುದು. ತನ್ನ ಯಂತ್ರಕ್ಕೆ ಮಾತ್ರವಾದರೆ ಹಾಕಿಕೊಳ್ಳಬಹುದು; ಹಂಚುವುದಕ್ಕಾದರೆ ಕೂಡದು.

ಹೊಸಬರು ಬಹಳವಾಗಿ ಬೀಳುವ ಹಳ್ಳ ಬೇರೆ ಇದೆ. ಸಿಫ್ಲ್ಯಾಗ್ಸ್‌ಗೆ ನಾವೇನನ್ನೂ ಕೊಡದಿದ್ದರೆ, ಕಾನ್ಫಿಗರ್ ಬರಹವು ಜಿಸಿಸಿಗೆ ಸಾಮಾನ್ಯವಾಗಿ ‘ಜಿ’ ಮತ್ತು ‘ಓ೨’ ಎಂಬ ಎರಡು ಫ್ಲ್ಯಾಗುಗಳನ್ನು ತಾನಾಗಿ ಇಡುತ್ತದೆ. ಮೊದಲನೆಯದು ದೋಷ ಹುಡುಕಲು ನೆರವಾಗುವ ಮಾಹಿತಿಯನ್ನು ಉಳಿಸುವುದಕ್ಕೆ. ವಿದ್ಯಾರ್ಥಿಯು ಹಲವು ಎಚ್ಚರಿಕೆಗಳನ್ನು ತೋರಿಸುವ ‘ವಾಲ್’ ಎಂಬುದನ್ನು ಸೇರಿಸೋಣವೆಂದು ಸಿಫ್ಲ್ಯಾಗ್ಸ್‌ಗೆ ಅದೊಂದನ್ನೇ ಬರೆಯುತ್ತಾನೆ. ಅವನು ಸೇರಿಸಿದೆನೆಂದು ತಿಳಿದಿದ್ದಾನೆ, ಆದದ್ದು ಬದಲಾವಣೆ. ಅವನ ಬರಹ ಬಂದ ಕೂಡಲೆ ಮೊದಲಿನ ಎರಡೂ ಹೋದುವು. ಓ೨ ಹೋದುದರಿಂದ ಪ್ರೋಗ್ರಾಮು ನಿಧಾನವಾಗುವುದಷ್ಟೇ ಅಲ್ಲ. ಸಾಲನ್ನು ನಕಲಿಸುವಾಗ ಅದು ಹಿಡಿಸಲಾರದ ಜಾಗದಿಂದ ಹೊರಚೆಲ್ಲದಂತೆ ಕಾಯುವ ‘ಫೋರ್ಟಿಫೈ ಸೋರ್ಸ್’ ಎಂಬ ರಕ್ಷಣೆಯೊಂದುಂಟು. ಕಂಪೈಲರಿನ ಚುರುಕು ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ, ಏಕೆಂದರೆ ಜಾಗದ ಅಳತೆಯನ್ನು ಕಂಡುಹಿಡಿಯುವುದೇ ಆ ಚುರುಕಿನ ತರ್ಕದಿಂದ. ಎಚ್ಚರಿಕೆಗಳನ್ನು ನೋಡಬೇಕೆಂದವನು ಬಾಗಿಲ ಅಗುಳಿಯನ್ನು ತೆಗೆದಂತಾಯಿತು. ಬೇಕಾದುದನ್ನು ಸೇರಿಸುವಾಗ ‘ಜಿ’ಯನ್ನೂ ‘ಓ೨’ನ್ನೂ ಜೊತೆಗೆ ಬರೆಯತಕ್ಕದ್ದು.

ಬರೆದ ಫ್ಲ್ಯಾಗುಗಳು ನಿಜವಾಗಿಯೂ ತಲಪಿದುವೆ ಎಂದು ತಿಳಿಯಬೇಕಾದರೆ, ಕಟ್ಟುವ ಸಾಲುಗಳನ್ನು ಮರೆಮಾಡದೆ ಪೂರ್ಣವಾಗಿ ತೋರಿಸೆಂದು ‘ಮೇಕ್’ ಎಂಬ ಸಾಧನಕ್ಕೆ ಹೇಳಬೇಕು. ಅನೇಕ ತಂತ್ರಾಂಶಗಳಲ್ಲಿ ‘ವಿ’ ಅಕ್ಷರಕ್ಕೆ ೧ ಎಂಬ ಬೆಲೆಯನ್ನು ಕೊಟ್ಟರೆ ಸಾಕು. ಮೇಕನ್ನು ೧೯೭೬ರಲ್ಲಿ ಬೆಲ್ ಲ್ಯಾಬೊರೇಟರೀಸಿನ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದರು. ಅಲ್ಲಿಯೇ ಇದ್ದ ಸ್ಟೀವ್ ಜಾನ್ಸನ್ ಎಂಬವರು ತಮ್ಮ ಪ್ರೋಗ್ರಾಮಿನ ದೋಷವನ್ನು ತಿದ್ದಿದ್ದರೂ, ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿಸಲು ಮರೆತು, ಇಲ್ಲದ ದೋಷವನ್ನು ಹುಡುಕುತ್ತ ಒಂದು ಬೆಳಗ್ಗೆಯನ್ನು ಕಳೆದುಕೊಂಡಿದ್ದರು. ಫೈಲುಗಳ ಕಾಲವನ್ನು ಹೋಲಿಸಿ, ಮೂಲ ಹೊಸದಾಗಿದ್ದರೆ ಮತ್ತೆ ಅನುವಾದಿಸಬೇಕೆಂಬ ಮೇಕಿನ ಉಪಾಯ ಹುಟ್ಟಿದ್ದು ಹೀಗೆ. ಆದರೆ ಅದು ನೋಡುವುದು ಫೈಲುಗಳ ಕಾಲವನ್ನು ಮಾತ್ರ. ಮೂಲಪಾಠವನ್ನು ಮುಟ್ಟದೆ ಫ್ಲ್ಯಾಗುಗಳನ್ನಷ್ಟೇ ಬದಲಿಸಿ ಮೇಕನ್ನು ಕರೆದರೆ, ಎಲ್ಲವೂ ಹೊಸದಾಗಿಯೇ ಇದೆಯೆಂದು ಅದು ಕೈಕಟ್ಟಿ ಕುಳಿತುಕೊಳ್ಳುತ್ತದೆ. ಇಲ್ಲವೆ, ಒಂದೆರಡು ಫೈಲುಗಳು ಮಾತ್ರ ತಿದ್ದಲ್ಪಟ್ಟಿದ್ದರೆ, ಅರ್ಧ ಹಳೆಯ ಕಟ್ಟಳೆಯ, ಅರ್ಧ ಹೊಸ ಕಟ್ಟಳೆಯ ಫೈಲುಗಳನ್ನು ಜೋಡಿಸಿಕೊಡುತ್ತದೆ. ಆದುದರಿಂದ ಫ್ಲ್ಯಾಗು ಬದಲಾದಾಗಲೆಲ್ಲ ಮೊದಲು ‘ಮೇಕ್ ಕ್ಲೀನ್’ ಎಂದು ಹಳೆಯ ಆಬ್ಜೆಕ್ಟ್ ಫೈಲುಗಳನ್ನು ಅಳಿಸಿ, ಆಮೇಲೆ ಕಟ್ಟಡವನ್ನು ಬುಡದಿಂದ ಆರಂಭಿಸಬೇಕು.